ಶಾಸನ ಓದುವವರ ಫೋನು, ಲ್ಯಾಪ್‌ಟಾಪು: ಊರೂರು ಸುತ್ತೋ ಮುಂಚೆ ಮಾಡಿಕೊಳ್ಳಬೇಕಾದ ಸಿದ್ಧತೆ

ಮೂರು ವರ್ಷದ ಕೆಳಗೆ ಬಂಗಾರಪೇಟೆ ಕಡೆಯ ಒಂದು ಕೆರೆ ಏರಿ ಪಕ್ಕದಲ್ಲಿ ನಿಂತಿದ್ದ ದಾನಶಾಸನದ ಫೋಟೋ ತೆಗೆದುಕೊಂಡು ಬಂದೆ. ವಿಜಯನಗರ ಕಾಲದ ಲಿಪಿ, ಓದೋಕೆ ಅಂಥ ಕಷ್ಟವೇನಿಲ್ಲ. ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ಓದಿದಾಗ ಶಕವರ್ಷ ೧೪೨೧ ಅಂತ ಕಂಡಿತು. ಸಂವತ್ಸರದ ಹೆಸರು ಶುಕ್ಲ ಅಂತ ಸ್ಪಷ್ಟವಾಗಿತ್ತು. ಆದರೆ ಶಕ 1421ಕ್ಕೆ ಬರಬೇಕಾದ್ದು ಸಿದ್ಧಾರ್ಥಿ, ಶುಕ್ಲ ಅಲ್ಲ. ಕಲ್ಲು ಕೆತ್ತಿದವನು ತಪ್ಪು ಮಾಡಿದ್ದಾನೆ ಅಂತ ಟಿಪ್ಪಣಿ ಬರೆದಿಟ್ಟೆ.

ತಪ್ಪು ಮಾಡಿದ್ದು ಅವನಲ್ಲ, ನನ್ನ ಫೋನು. ಆ ಫೋನಿನ ಕ್ಯಾಮೆರಾದಲ್ಲಿ ಚಿತ್ರವನ್ನು ತಾನೇ 'ಚೆಂದ' ಮಾಡುವ ವ್ಯವಸ್ಥೆ ಚಾಲೂ ಇತ್ತು. ಕಲ್ಲಿನ ಒರಟನ್ನೆಲ್ಲ ಅದು ಗದ್ದಲ ಅಂತ ತಿಳಿದು ನಯ ಮಾಡಿತ್ತು. ೩ರ ಸೊಂಟದಲ್ಲಿ ಇರಬೇಕಾದ ಸಣ್ಣ ಗೀರು ಆ ನಯದಲ್ಲಿ ಮುಚ್ಚಿಹೋಗಿ ಅಂಕಿ ೨ ಆಗಿತ್ತು. ಎರಡನೇ ಸಲ ಹೋಗಿ, ಆ ವ್ಯವಸ್ಥೆ ಆರಿಸಿ, ಓರೆಯಾಗಿ ಟಾರ್ಚ್ ಹಿಡಿದು ತೆಗೆದಾಗ ೧೪೩೧ ಅಂತ ಕಾಣಿಸಿತು. ಶಕ 1431 ಅಂದರೆ ಕ್ರಿ.ಶ. 1509-10, ಕೃಷ್ಣದೇವರಾಯ ಪಟ್ಟಕ್ಕೆ ಬಂದ ಕಾಲ, ಶುಕ್ಲ ಸಂವತ್ಸರವೇ. ಒಂದು ಗೀರಿನಿಂದ ಹತ್ತು ವರ್ಷ ಹಿಂದೆ ಹೋಗಿತ್ತು, ರಾಜವಂಶವೇ ಬದಲಾಗುತ್ತಿತ್ತು.

ಆ ಕಲ್ಲು ಯಾವ ಊರಲ್ಲಿದೆ ಅಂತ ಇಲ್ಲಿ ಹೇಳೋದಿಲ್ಲ. ಕಾರಣ ಕೊನೆಗೆ ಬರುತ್ತೆ.

ಆಮೇಲೆ ನಾನು ಫೋನನ್ನೂ ಲ್ಯಾಪ್‌ಟಾಪನ್ನೂ ಶಾಸನದ ಕೆಲಸಕ್ಕೆ ಅಂತಲೇ ಬೇರೆ ಥರ ಹೊಂದಿಸಿಕೊಂಡೆ. ಅಂಗಡಿಯಿಂದ ಬಂದ ಹಾಗೇ ಬಳಸಿದರೆ ಈ ಯಂತ್ರಗಳು ಇಂದಿನ ಕನ್ನಡ, ಇಂದಿನ ಮುಖ, ಇಂದಿನ ಹಬ್ಬದ ಫೋಟೋಗೆ ಸರಿ. ಸಾವಿರ ವರ್ಷದ ಕಲ್ಲಿಗೆ ಅವುಗಳನ್ನ ನಾವೇ ಪಳಗಿಸಬೇಕು. ಖರ್ಚು ಹೆಚ್ಚೇನಿಲ್ಲ, ಒಂದು ಭಾನುವಾರ ಸಾಕು.

ಫೋನಿನ ಕ್ಯಾಮೆರಾ: ಚೆಂದ ಬೇಡ, ನಿಜ ಬೇಕು

ಮೊದಲು ಆರಿಸಬೇಕಾದವು: ಸೀನ್ ಗುರುತಿಸಿ ತಾನೇ ತಿದ್ದುವ ಎಐ ವ್ಯವಸ್ಥೆ, ಬ್ಯೂಟಿ, ಫಿಲ್ಟರ್, ಎಚ್‌ಡಿಆರ್, ಫ್ಲ್ಯಾಶ್. ಎಚ್‌ಡಿಆರ್ ಯಾಕೆ ಬೇಡ ಅಂದ್ರೆ, ಅದು ನೆರಳನ್ನು ಬೆಳಗಿಸುತ್ತೆ. ನಮಗೆ ನೆರಳೇ ಅಕ್ಷರ. ಕೆತ್ತನೆಯ ಗುಂಡಿಯಲ್ಲಿ ಕಪ್ಪು ನಿಂತರೆ ತಾನೆ ಅದು ಓದಿಸಿಕೊಳ್ಳೋದು! ಫ್ಲ್ಯಾಶ್ ನೇರ ಎದುರಿನಿಂದ ಹೊಡೆದು ಇರೋ ನೆರಳನ್ನೂ ಅಳಿಸಿಬಿಡುತ್ತೆ.

ಚಾಲೂ ಮಾಡಬೇಕಾದವು: ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ರಾ ಚಿತ್ರ. ಇದು ಸಂವೇದಕ ಕಂಡದ್ದನ್ನು ನಯ ಮಾಡದೆ ಇಡುತ್ತೆ. 12 ಮೆಗಾಪಿಕ್ಸೆಲ್‌ನ ಒಂದು ರಾ ಚಿತ್ರ 25 ಎಂಬಿವರೆಗೂ ಆಗಬಹುದು, ಹಾಗಾಗಿ ಹೊರಡೋ ಮುಂಚೆ ಜಾಗ ಖಾಲಿ ಮಾಡಿಕೊಳ್ಳಿ. ಪರದೆ ಮೇಲೆ ಗೆರೆಗಳ ಜಾಲ ಇರಲಿ, ಕಲ್ಲಿನ ಅಂಚು ನೇರ ಬರುತ್ತೆ. ಎರಡು ಸೆಕೆಂಡ್ ಟೈಮರ್ ಇಟ್ಟರೆ ಬೆರಳಿನ ಅದುರು ತಪ್ಪುತ್ತೆ. ಮುಖ್ಯ ಲೆನ್ಸನ್ನೇ ಬಳಸಿ. ವೈಡ್ ಲೆನ್ಸ್ ಅಂಚಿನ ಅಕ್ಷರಗಳನ್ನು ಹಿಗ್ಗಿಸುತ್ತೆ. ಡಿಜಿಟಲ್ ಜೂಮ್ ಬೇಡ, ಎರಡು ಹೆಜ್ಜೆ ಮುಂದೆ ಹೋಗಿ. ಚೌಕಟ್ಟಿನೊಳಗೆ ಒಂದು ಅಳತೆಪಟ್ಟಿ ಇರಲೇಬೇಕು. ಬರಹದ ಮೇಲೆ ಇಡಬೇಡಿ, ಪಕ್ಕದಲ್ಲಿಡಿ.

ಇನ್ನು ಬೆಳಕು. ಶಾಸನದ ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಒಂದು ಪಕ್ಕದಿಂದ ಬೀಳುವ ಓರೆ ಬೆಳಕೇ ಎಲ್ಲ ಸಾಫ್ಟ್‌ವೇರ್‌ಗಿಂತ ದೊಡ್ಡದು. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿ ನೆಟ್ಟಗೆ ನಿಂತ ಕಲ್ಲಿಗೆ ನಡುಮಧ್ಯಾಹ್ನದ ಆಸುಪಾಸಿನಲ್ಲಿ ಸೂರ್ಯ ಮೇಲಿನಿಂದ ಸವರಿಕೊಂಡು ಹೋಗುತ್ತಾನೆ. ದಕ್ಷಿಣಕ್ಕೆ ಮುಖ ಇದ್ದರೆ ಬೆಳಗ್ಗೆ, ಸಂಜೆ. ಉತ್ತರಕ್ಕೆ ಮುಖ ಇದ್ದರೆ? ಕೋಲಾರ ಜಿಲ್ಲೆ ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ಆಗ ಆ ಕಲ್ಲಿಗೂ ಓರೆ ಬೆಳಕು ಸಿಗುತ್ತೆ. ಹೀಗೆ ಕಲ್ಲಿನ ಮುಖ ಯಾವ ದಿಕ್ಕಿಗಿದೆ ಅಂತ ಫೋನಿನ ದಿಕ್ಸೂಚಿಯಲ್ಲಿ ನೋಡಿ ಬರೆದುಕೊಂಡರೆ ಎರಡನೇ ಭೇಟಿಯ ತಿಂಗಳು, ಗಂಟೆ ಎರಡನ್ನೂ ಲೆಕ್ಕ ಹಾಕಬಹುದು. ಕಾಯೋಕೆ ಆಗದಿದ್ದರೆ ಸಂಜೆ ಕತ್ತಲಾದ ಮೇಲೆ ಟಾರ್ಚ್. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು, ಹೀಗೆ ಕನಿಷ್ಠ ಮೂರು ಚಿತ್ರ. ಅಡ್ಡಗೀರು ಒಂದರಲ್ಲಿ ಕಾಣುತ್ತೆ, ಉದ್ದಗೀರು ಇನ್ನೊಂದರಲ್ಲಿ.

ಇಕಾರ, ಈಕಾರಗಳ ವಿಷಯದಲ್ಲಿ ಇದು ಬಹಳ ಮುಖ್ಯ. ಹಳೆಯ ಲಿಪಿಯಲ್ಲಿ ತಲೆ ಮೇಲಿನ ಸುಳಿ ಬರೀ ಸುತ್ತಿದರೆ ಇ, ಒಳಗೆ ಇನ್ನೊಂದು ಕೊಂಕು ಬಂದರೆ ಈ. ಆ ಕೊಂಕು ಒಂದು ಅಕ್ಕಿಕಾಳಿನಷ್ಟೂ ಇರೋದಿಲ್ಲ.

ಕಲ್ಲಿಗೆ ಎಣ್ಣೆ, ಬಣ್ಣ, ತಂತಿ ಬ್ರಷ್ ಮುಟ್ಟಿಸಬೇಡಿ. ಮೆತ್ತನೆ ಬ್ರಷ್ ಮತ್ತು ನೀರು ಸಾಕು. ಸಂರಕ್ಷಿತ ಸ್ಮಾರಕ ಆದರೆ ಅನುಮತಿ ತಗೊಂಡೇ ಕೈ ಹಾಕಿ.

ಕೀಲಿಮಣೆ: ನಮ್ಮ ಊರಿನ ಕೆರೆಗೆ 'ಱ' ಬೇಕು

ಹಳಗನ್ನಡ ಶಾಸನದಲ್ಲಿ ಕೆರೆ ಅನ್ನೋದು 'ಕೆಱೆ'. ಕೊನೆಯ ಶಾಪದ ಸಾಲಲ್ಲಿ ಬರೋದು 'ಇದನೞಿದೊಂ', ಅಂದರೆ ಇದನ್ನು ಹಾಳು ಮಾಡಿದವನು. ಈ ಱ ಮತ್ತು ೞ ಎರಡೂ ಇಂದಿನ ಬರವಣಿಗೆಯಲ್ಲಿಲ್ಲ. ಫೋನಿನ ಕೀಲಿಮಣೆಯಲ್ಲಿ ಹುಡುಕಿದರೆ ಸುಸ್ತಾಗುತ್ತೆ ಅಂತ ನಾವು ಕೆರೆ, ಇದನಳಿದೊಂ ಅಂತ ಬರೆದುಬಿಡುತ್ತೇವೆ. ಅಲ್ಲಿಗೆ ಒಂದು ಪುರಾವೆ ಹೋಯಿತು. 12ನೇ ಶತಮಾನ ಕಳೆಯುತ್ತಾ ಬಂದ ಹಾಗೆ ೞ ಇರಬೇಕಾದ ಕಡೆ ಳ, ರ ನುಗ್ಗುತ್ತವೆ. ತೇದಿ ಇಲ್ಲದ ವೀರಗಲ್ಲಿನ ಕಾಲ ಊಹಿಸೋಕೆ ಈ ಅಕ್ಷರ ಹೇಗಿದೆ ಅನ್ನೋದೂ ಒಂದು ಆಧಾರ. ಕಲ್ಲಿನಲ್ಲಿ ಸರಿಯಾಗೇ ಇದ್ದದ್ದನ್ನು ನಮ್ಮ ಸೋಮಾರಿತನದಿಂದ ಮುನ್ನೂರು ವರ್ಷ ಈಚೆಗೆ ತರಬಾರದು.

ಯೂನಿಕೋಡ್‌ನಲ್ಲಿ ಎರಡೂ ಅಕ್ಷರ ಇವೆ. ೞಕಾರಕ್ಕೆ ಅಲ್ಲಿ ಒಂದು ತಮಾಷೆಯ ಕಥೆಯಿದೆ: ಪಟ್ಟಿ ಮಾಡುವಾಗ ತಪ್ಪಾಗಿ 'ಕನ್ನಡ ಲೆಟರ್ ಫ' ಅಂತ ಹೆಸರು ಬಿತ್ತು. ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅನ್ನೋದು ಯೂನಿಕೋಡ್ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪರ್ಯಾಯ ಅಂತ ಸೇರಿಸಿ, ಮೂಲ ತಪ್ಪನ್ನು ಹಾಗೇ ಉಳಿಸಿದ್ದಾರೆ. ಅಕ್ಷರಗಳ ಪಟ್ಟಿಯಲ್ಲಿ ಹುಡುಕುವಾಗ ಇದು ಗೊತ್ತಿಲ್ಲದಿದ್ದರೆ ೞ ಸಿಗೋದೇ ಇಲ್ಲ!

ಫೋನಿನಲ್ಲಿ ಉಪಾಯ ಸುಲಭ. ಜಿಬೋರ್ಡ್‌ನ ಪರ್ಸನಲ್ ಡಿಕ್ಷನರಿಗೆ ಹೋಗಿ, ಱ ಅಕ್ಷರವನ್ನು ಒಮ್ಮೆ ಎಲ್ಲಿಂದಾದರೂ ನಕಲು ಮಾಡಿ ಹಾಕಿ, ಅದಕ್ಕೆ 'ರರ' ಅಂತ ಸಂಕ್ಷೇಪ ಕೊಡಿ. ೞಕ್ಕೆ 'ಳಳ'. ಹಾಗೇ 'ಶಕವರ್ಷ', 'ಸ್ವಸ್ತಿ ಶ್ರೀ', 'ಪರಮೇಶ್ವರ' ಇಂಥ ಮತ್ತೆ ಮತ್ತೆ ಬರುವ ಮಾತುಗಳಿಗೂ ಸಂಕ್ಷೇಪ ಮಾಡಿಕೊಳ್ಳಬಹುದು. ಆದರೆ ಎಚ್ಚರ: ಸಂಕ್ಷೇಪದಿಂದ ಬಂದದ್ದನ್ನು ಕಲ್ಲಿನ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಕಲ್ಲಿನಲ್ಲಿ 'ಸಕವರುಷ' ಅಂತ ಇರಬಹುದು.

ಅದೇ ಕಾರಣಕ್ಕೆ ಆಟೋ ಕರೆಕ್ಷನ್ ಪೂರ್ತಿ ಆರಿಸಿ. ಫೋನಲ್ಲೂ, ಲ್ಯಾಪ್‌ಟಾಪಿನ ಲಿಬ್ರೆಆಫೀಸ್ ಅಥವಾ ವರ್ಡ್‌ನಲ್ಲೂ. ಶಾಸನದ ಪಾಠದಲ್ಲಿ ನಾವು ಉಳಿಸಬೇಕಾದ್ದೇ ಕೆತ್ತಿದವನ ಕಾಗುಣಿತ. ಅವನು 'ತಪ್ಪು' ಬರೆದಿದ್ದರೆ ಆ ತಪ್ಪಿನಲ್ಲೇ ಆ ಕಾಲದ ಉಚ್ಚಾರ ಅಡಗಿರುತ್ತೆ.

ಲ್ಯಾಪ್‌ಟಾಪಿನಲ್ಲಿ ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಹೆಚ್ಚಿನವರಿಗೆ ಕೈಗೆ ಕೂತಿರುತ್ತೆ. ಉಬುಂಟು ಮೊದಲಾದ ಲಿನಕ್ಸ್‌ಗಳಲ್ಲಿ ಅದು ಮೊದಲೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಆಯ್ತು. ಇನ್‌ಸ್ಕ್ರಿಪ್ಟ್ ಬಳಸೋರಿಗೆ ಶಿಫ್ಟ್ ಹಿಡಿದು 'ರ' ಕೀಲಿ ಒತ್ತಿದರೆ ಱ ಬರುತ್ತೆ. ಯಾವ ಕೀಲಿಮಣೆಯಲ್ಲೂ ಸಿಗದಿದ್ದಾಗ ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ಅಕ್ಷರದ ಸಂಕೇತವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಱಕ್ಕೆ ಸಂಕೇತ ಸೊನ್ನೆ-ಸಿ-ಬಿ-ಒಂದು, ೞಕ್ಕೆ ಸೊನ್ನೆ-ಸಿ-ಡಿ-ಇ. ಸಂಕೇತ ಕರಗಿ ಅಕ್ಷರ ನಿಲ್ಲುತ್ತೆ.

ಇನ್ನೊಂದು ಸೂಕ್ಷ್ಮ. 'ಸೂರ್ಯ' ಅಂತ ಅರ್ಕಾವೊತ್ತು ಹಾಕಿ ಬರೆಯಬಹುದು, 'ಸೂರ‍್ಯ' ಅಂತ ರಕಾರದ ಕೆಳಗೆ ಯವೊತ್ತು ಕೊಟ್ಟೂ ಬರೆಯಬಹುದು. ಎರಡನೆಯದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತೆ. ಕಲ್ಲಿನಲ್ಲಿ ಹೇಗಿದೆಯೋ ಹಾಗೆ ಬರೆಯೋಕೆ ಇದು ಅನುಕೂಲ. ಆದರೆ ಕಂಪ್ಯೂಟರಿಗೆ ಇವು ಎರಡು ಬೇರೆ ಬೇರೆ ಪದ, ಒಂದನ್ನು ಹುಡುಕಿದರೆ ಇನ್ನೊಂದು ಸಿಗೋದಿಲ್ಲ. ಅದಕ್ಕೇ ನಾನು ಪಾಠವನ್ನು ಎರಡು ಸಲ ಇಡುತ್ತೇನೆ: ಕಲ್ಲಿನಲ್ಲಿದ್ದ ಹಾಗೆ ಒಂದು, ಹುಡುಕೋಕೆ ಸರಳ ರೂಪದ್ದು ಒಂದು.

ಫಾಂಟುಗಳು: ಕೋಲಾರದವರಿಗೆ ಒಂದು ಲಿಪಿ ಸಾಲದು

ಕೋಲಾರ ಅಂದರೆ ಗಂಗರ ಕುವಲಾಲಪುರ, ಚೋಳರ ನಿಗರಿಲಿ ಚೋಳ ಮಂಡಲ. ಕೋಲಾರಮ್ಮನ ಗುಡಿಗೆ ಹೋದರೆ ಗೋಡೆ ತುಂಬ ತಮಿಳು ಶಾಸನ. ಬೇತಮಂಗಲ ಶಾಸನಗಳಲ್ಲಿ ವಿಜಯಾದಿತ್ಯಮಂಗಲ. ನಮ್ಮ ಕಡೆ ಕೆಲಸ ಮಾಡೋರಿಗೆ ಕನ್ನಡ, ತಮಿಳು, ತೆಲುಗು ಮೂರೂ ಎದುರಾಗುತ್ತವೆ. ತಮಿಳು ಶಾಸನದ ನಡುವೆ ಸಂಸ್ಕೃತ ಪದ ಬಂದಾಗ ಗ್ರಂಥ ಲಿಪಿ. ಕೆಜಿಎಫ್‌ನಲ್ಲಿ ತಮಿಳು ಓದು ಬಲ್ಲ ಹಿರಿಯರನ್ನು ಕರೆದುಕೊಂಡು ಹೋದರೂ ಗ್ರಂಥಾಕ್ಷರ ಬಂದ ಕಡೆ ನಿಂತುಬಿಡುತ್ತಾರೆ.

ಗ್ರಂಥ ಲಿಪಿ ಯೂನಿಕೋಡ್‌ಗೆ ಸೇರಿದ್ದು 2014ರಲ್ಲಿ, ಬ್ರಾಹ್ಮಿ 2010ರಲ್ಲಿ. ನೋಟೊ ಕುಟುಂಬದ ಉಚಿತ ಫಾಂಟುಗಳಲ್ಲಿ ಕನ್ನಡ, ತಮಿಳು, ತೆಲುಗು, ಗ್ರಂಥ, ಬ್ರಾಹ್ಮಿ ಐದೂ ಸಿಗುತ್ತವೆ. ಲ್ಯಾಪ್‌ಟಾಪಿಗೆ ಇವನ್ನು ಮೊದಲ ದಿನವೇ ಹಾಕಿಕೊಳ್ಳಿ. ಹಳೇ ಫೋನುಗಳಲ್ಲಿ ಗ್ರಂಥ ಬರೀ ಚೌಕ ಚೌಕವಾಗಿ ಕಾಣುತ್ತೆ. ಅಂಥವರಿಗೆ ಕಳಿಸುವಾಗ ಫಾಂಟನ್ನು ಒಳಗೆ ಸೇರಿಸಿದ ಪಿಡಿಎಫ್ ಮಾಡಿ ಕಳಿಸಿ.

ಹಳೇ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿಟ್ಟ ಪಾಠಗಳು ಇದ್ದರೆ ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆ ಫೈಲುಗಳೊಳಗೆ ಇರೋದು ನಿಜವಾದ ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ. ಫಾಂಟ್ ಹೋದ ದಿನ ವೇಷ ಕಳಚುತ್ತೆ.

ಲ್ಯಾಪ್‌ಟಾಪು: ದುಬಾರಿ ಬೇಕಿಲ್ಲ, ಕ್ರಮ ಬೇಕು

ಓದು, ಟಿಪ್ಪಣಿ, ಫೋಟೋ ತಿದ್ದುವಿಕೆಗೆ ಎಂಟು ಜಿಬಿ ಮೆಮೊರಿಯ ಹಳೇ ಯಂತ್ರ ಸಾಕು. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಹೊಸದರಂತೆ ಓಡುತ್ತೆ. ರಾ ಚಿತ್ರ ತೆರೆಯಲು ಡಾರ್ಕ್‌ಟೇಬಲ್ ಅಥವಾ ರಾಥೆರಪಿ, ಪದರ ಹಾಕಿ ಹೋಲಿಸಲು ಗಿಂಪ್, ನಕ್ಷೆಗೆ ಕ್ಯೂಜಿಐಎಸ್. ಎಲ್ಲವೂ ಉಚಿತ. ಮೂಲ ಚಿತ್ರದ ಫೋಲ್ಡರನ್ನು 'ಓದಲು ಮಾತ್ರ' ಅಂತ ಬೀಗ ಹಾಕಿ, ಏನೇ ತಿದ್ದಿದರೂ ನಕಲಿನ ಮೇಲೆ.

ತೀರಾ ಸವೆದ ಕಲ್ಲಿಗೆ ಮೂರು ಆಯಾಮದ ಮಾದರಿ ನೆರವಾಗುತ್ತೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಸ್ಕ್ಯಾನರ್‌ನಲ್ಲೇ ಮೂರು ಆಯಾಮಕ್ಕೆ ತರುತ್ತಿದ್ದಾರೆ. ನಮ್ಮಂಥವರು ಫೋನಲ್ಲೇ ಶುರು ಮಾಡಬಹುದು. ಕಲ್ಲಿನ ಸುತ್ತ ನಡೆಯುತ್ತಾ, ಒಂದು ಚಿತ್ರದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರುವ ಹಾಗೆ ಐವತ್ತು ಅರವತ್ತು ಚಿತ್ರ ತೆಗೆದು ಮೆಶ್‌ರೂಮ್‌ಗೆ ಕೊಡಿ. ಇಲ್ಲಿ ಮಾತ್ರ ಮೋಡದ ದಿನದ ಸಮ ಬೆಳಕು ಬೇಕು, ನೆರಳು ಜರುಗಿದರೆ ಮಾದರಿ ಕೆಡುತ್ತೆ. ಮೆಶ್‌ರೂಮ್‌ಗೆ ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೇ ಪೂರ್ಣ ಫಲ. ನಿಮ್ಮಲ್ಲಿ ಇಲ್ಲದಿದ್ದರೆ ಚಿತ್ರಗಳನ್ನು ಜೋಪಾನ ಮಾಡಿ, ಇರುವ ಗೆಳೆಯರ ಯಂತ್ರದಲ್ಲಿ ಓಡಿಸಿ. ಬಂದ ಮಾದರಿಯನ್ನು ಮೆಶ್‌ಲ್ಯಾಬ್‌ನಲ್ಲಿ ತೆರೆದು, ಕಲ್ಲಿನ ಬಣ್ಣ ತೆಗೆದು, ಬೆಳಕನ್ನು ಬೇಕಾದ ಕಡೆ ತಿರುಗಿಸಿ ನೋಡಿದರೆ ಪಾಚಿ ಕಲೆಯ ಕೆಳಗಿನ ಅಕ್ಷರ ಏಳುತ್ತೆ. ಮರಿಕುಪ್ಪಂ ರೈಲಿನಲ್ಲಿ ಕೂತು ಬೆಂಗಳೂರು ಮುಟ್ಟೋದರೊಳಗೆ ಎರಡು ಸಾಲು ಓದಿ ಮುಗಿಸಿದ ದಿನಗಳು ನನಗಿವೆ.

ಪಟ್ಟಿ: ಹಳೇ ತಾಲ್ಲೂಕು, ಹೊಸ ತಾಲ್ಲೂಕು

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಒಂದು ಹಾಳೆ, ಕಲ್ಲಿಗೊಂದು ಸಾಲು. ಊರು, ಜಾಗ, ಕಲ್ಲಿನ ದಿಕ್ಕು, ಅಳತೆ, ಲಿಪಿ, ತೇದಿ, ಫೋಟೋ ಫೋಲ್ಡರ್. ಜೊತೆಗೆ ಎಪಿಗ್ರಾಫಿಯಾ ಕರ್ನಾಟಿಕಾದ ಸಂಖ್ಯೆ. ಬಿ.ಎಲ್. ರೈಸ್ ಕೋಲಾರ ಜಿಲ್ಲೆಯ ಶಾಸನಗಳನ್ನು ಹತ್ತನೇ ಸಂಪುಟದಲ್ಲಿ 1905ರಲ್ಲಿ ತಂದರು. ಅದರಲ್ಲಿ 'ಬಂಗಾರಪೇಟೆ' ಅಂತ ಹುಡುಕಿದರೆ ಏನೂ ಸಿಗೋದಿಲ್ಲ. ಆಗ ಅದು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದು, ಸಂಪುಟದಲ್ಲಿ ಬಿ-ಪಿ ಅಂತ ಸಂಕೇತ. ಆಗ ಅದರೊಳಗಿದ್ದ ಬೇತಮಂಗಲ ಈಗ ಕೆಜಿಎಫ್ ತಾಲ್ಲೂಕಿಗೆ ಸೇರಿದೆ. ಹೀಗಾಗಿ ಹಳೇ ತಾಲ್ಲೂಕಿಗೊಂದು, ಈಗಿನದಕ್ಕೊಂದು ಅಂಕಣ ಇರಲಿ. ಇಲ್ಲದಿದ್ದರೆ 1905ರಲ್ಲೇ ಅಚ್ಚಾದ ಶಾಸನವನ್ನು 'ಹೊಸ ಶೋಧ' ಅಂತ ಪತ್ರಿಕೆಗೆ ಕೊಟ್ಟು ಮುಜುಗರ ಪಡಬೇಕಾಗುತ್ತೆ.

ಅದೇ ಹಾಳೆಯಲ್ಲಿ ಸಂವತ್ಸರ ತಾಳೆ ನೋಡುವ ಲೆಕ್ಕವನ್ನೂ ಕೂಡಿಸಿ. ಸಂದ ಶಕವರ್ಷಕ್ಕೆ 12 ಸೇರಿಸಿ, 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆ ಬಂದರೆ ಅರವತ್ತನೆಯದಾದ ಅಕ್ಷಯ. 1431ಕ್ಕೆ 12 ಕೂಡಿದರೆ 1443, ಶೇಷ 3, ಶುಕ್ಲ. 1421ಕ್ಕೆ ಕೂಡಿದರೆ 1433, ಶೇಷ 53, ಸಿದ್ಧಾರ್ಥಿ. ಕೆಲವು ಶಾಸನಗಳು ಸಂದ ವರ್ಷದ ಬದಲು ನಡೆಯುತ್ತಿರುವ ವರ್ಷ ಕೊಡುವುದರಿಂದ ಒಂದು ಸಂಖ್ಯೆ ಆಚೀಚೆ ಬಂದರೆ ಗಾಬರಿ ಬೇಡ. ಹತ್ತು ಆಚೀಚೆ ಬಂದರೆ ಮಾತ್ರ ಕೆತ್ತಿದವನನ್ನು ಬೈಯೋ ಮುಂಚೆ ನಿಮ್ಮ ಫೋಟೋವನ್ನು ಅನುಮಾನಿಸಿ. ಈ ಲೆಕ್ಕ ಫೋನಿನಲ್ಲೂ ಇದ್ದರೆ ಕಲ್ಲಿನ ಮುಂದೆ ನಿಂತಾಗಲೇ ಎಡವಟ್ಟು ಗೊತ್ತಾಗುತ್ತೆ, ಎರಡನೇ ಸಲ ಹೋಗೋದು ತಪ್ಪುತ್ತೆ.

ಮೂರು ಪ್ರತಿ

ಇದಕ್ಕೂ ಮುಂಚೆ ನನ್ನ ಹಳೇ ಫೋನಿನ ಮೆಮೊರಿ ಕಾರ್ಡ್ ಒಂದು ದಿನ ಇದ್ದಕ್ಕಿದ್ದಂತೆ ಸತ್ತುಹೋಯಿತು. ಅದರಲ್ಲಿ ಒಂದು ವೀರಗಲ್ಲಿನ ಚಿತ್ರಗಳಿದ್ದವು. ಹೋಗಲಿ, ಮತ್ತೆ ತೆಗೆದರಾಯ್ತು ಅಂತ ಎರಡು ತಿಂಗಳು ಬಿಟ್ಟು ಹೋದರೆ ಆ ಹೊಲ ಲೇಔಟ್ ಆಗಿತ್ತು, ಕಲ್ಲಿಲ್ಲ. ಕೇಳಿದರೆ ಯಾರಿಗೂ ಗೊತ್ತಿಲ್ಲ. ನೋಟ್‌ಬುಕ್‌ನಲ್ಲಿ ಗೀಚಿಕೊಂಡಿದ್ದ ಒಂದೂವರೆ ಸಾಲು ಮಾತ್ರ ಈಗ ಉಳಿದಿದೆ. ದನಕ್ಕೋ ಊರಿಗೋ ಹೋರಾಡಿ ಸತ್ತವನೊಬ್ಬನ ಹೆಸರು ಸಾವಿರ ವರ್ಷ ಮಳೆ ಬಿಸಿಲು ತಡೆದು, ನನ್ನ ಕೈಯಲ್ಲಿ ಕಳೆದುಹೋಯಿತು.

ಆವತ್ತಿನಿಂದ ನಿಯಮ: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಊರಿಂದ ಬಂದ ರಾತ್ರಿಯೇ ಫೋನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಹೊರಗಿನ ಡಿಸ್ಕಿಗೆ, ಮುಖ್ಯವಾದವು ಕ್ಲೌಡಿಗೆ. ಮೂರೂ ಕಡೆ ಸೇರಿದ್ದು ಖಾತ್ರಿಯಾಗೋವರೆಗೂ ಫೋನಿಂದ ಅಳಿಸೋದಿಲ್ಲ. ಫೋಲ್ಡರಿನ ಹೆಸರು ವರ್ಷ-ತಿಂಗಳು-ದಿನ-ಊರು ಈ ಕ್ರಮದಲ್ಲಿದ್ದರೆ ತಾನಾಗೇ ಸಾಲಾಗಿ ಕೂರುತ್ತೆ.

ಜಾಗ ಹೇಳಬೇಕೆ?

ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇರಲಿ. ಬಯಲಿನಲ್ಲಿ ಸುಮಾರು ಐದು ಮೀಟರ್ ಒಳಗೆ ಜಾಗ ಸಿಗುತ್ತೆ, ನಾಳೆ ಕಲ್ಲು ಹೂತುಹೋದರೂ ಎಲ್ಲಿ ಅಗೆಯಬೇಕು ಅಂತ ಗೊತ್ತಿರುತ್ತೆ. ಆದರೆ ಅದೇ ಮಾಹಿತಿ ಬೇರೆಯವರಿಗೂ ಎಲ್ಲಿ ಅಗೆಯಬೇಕು ಅಂತ ಹೇಳುತ್ತೆ.

ಕಲ್ಲಿನ ಮುಂದೆ ಕೂತು ಬ್ರಷ್ ಹಿಡಿದರೆ ಸಾಕು, ನಮ್ಮ ಕಡೆ ಯಾರಾದರೂ ಬಂದು ಕೇಳೇ ಕೇಳ್ತಾರೆ: "ಏನ್ ಸಾರ್, ಬಂಗಾರ ಎಲ್ಲೈತೆ ಅಂತ ಬರ್ದೈತಾ?" ಗಣಿ 2001ರಲ್ಲೇ ಮುಚ್ಚಿದರೂ ಚಿನ್ನದ ಮಾತು ಈ ನೆಲದಲ್ಲಿ ಮುಚ್ಚಿಲ್ಲ. ನಗುತ್ತಾ ಕೇಳೋರು ಹೆಚ್ಚು. ಆದರೆ ರಾತ್ರಿ ಹಾರೆ ತಂದು ನಿಧಿ ಹುಡುಕೋರು ಒಬ್ಬರಿದ್ದರೂ ಕಲ್ಲು ಚೂರಾಗುತ್ತೆ. ಕೇಳಿದವರಿಗೆಲ್ಲ ನಾನು ಪೂರ್ತಿ ಓದಿ ಹೇಳಿಬಿಡುತ್ತೇನೆ: "ಇಷ್ಟು ಗದ್ದೆ, ಈ ದೇವರಿಗೆ ಬಿಟ್ಟವ್ರೆ, ಕೆಡಿಸಿದವ್ರಿಗೆ ಪಾಪ ಅಂತ ಬರ್ದವ್ರೆ." ಗುಟ್ಟು ಮಾಡಿದರೇ ನಿಧಿಯ ಅನುಮಾನ ಬೆಳೆಯೋದು.

ಇನ್ನು ಫೋಟೋ ಹಂಚುವಾಗ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತೆ, ಜಾಗದ ಮಾಹಿತಿ ಉದುರುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಗುಣಮಟ್ಟವೂ ಜಾಗವೂ ಹಾಗೇ ಹೋಗುತ್ತವೆ. ಹಾಗಾಗಿ ಓದಲು ನೆರವು ಕೇಳುವ ವಿದ್ವಾಂಸರಿಗೆ ಡಾಕ್ಯುಮೆಂಟ್, ಗುಂಪುಗಳಿಗೆ ಫೋಟೋ. ಎಲ್ಲರಿಗೂ ಕಾಣುವ ಕಡೆ ಜಾಗ ಕೊಡಲೇಬೇಕಾದರೆ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಎರಡೇ ಸ್ಥಾನಕ್ಕೆ ನಿಲ್ಲಿಸಿ. ಅಷ್ಟರಲ್ಲಿ ಸುಮಾರು ಒಂದು ಕಿಲೋಮೀಟರ್ ಆಸುಪಾಸು ಅಂತ ಮಾತ್ರ ತಿಳಿಯುತ್ತೆ. ಐದು ಸ್ಥಾನ ಕೊಟ್ಟರೆ ಮೀಟರ್ ಲೆಕ್ಕಕ್ಕೆ ಸಿಕ್ಕಿಬೀಳುತ್ತೆ. ಪೂರ್ತಿ ಜಾಗ ನಿಮ್ಮ ಹಾಳೆಯಲ್ಲಿರಲಿ, ಇಲಾಖೆಗೆ ಕೊಡಿ, ಊರಿನ ಹಿರಿಯರಿಗೆ ಕಲ್ಲಿನ ಬೆಲೆ ತಿಳಿಸಿ.

ಮೊದಲು ಹೇಳಿದ ಕೆರೆ ಏರಿ ಕಲ್ಲಿನ ಊರು ಬರೆಯದೇ ಇರೋದಕ್ಕೆ ಇದೇ ಕಾರಣ. ಅದರ ಕೊನೆಯಲ್ಲೂ ಹಾಳು ಮಾಡಿದವರಿಗೆ ಶಾಪ ಇದೆ. ಕಲ್ಲು ಮಾತ್ರ ಗಟ್ಟಿಯಾಗಿ ನಿಂತಿದೆ, ಹೋದ ತಿಂಗಳು ನೋಡಿಕೊಂಡು ಬಂದೆ.

ಈ ಭಾನುವಾರ ಎರಡೇ ಕೆಲಸ ಮಾಡಿ: ಕ್ಯಾಮೆರಾದ ಎಐ ಆರಿಸಿ, ಕೀಲಿಮಣೆಗೆ ಱ ಸೇರಿಸಿ. ಆಮೇಲೆ ನಿಮ್ಮೂರಿನ ಕೆಱೆ ಏರಿ ಮೇಲೆ ಒಂದು ಸುತ್ತು ಹೋಗಿ ಬನ್ನಿ.